ಮನೆಯ ಕಂಪ್ಯೂಟರಿನ ಬ್ಯಾಕಪ್‌ಗೆ ಏನು ಕೊಳ್ಳಬೇಕು, ಎಲ್ಲಿ ಇಡಬೇಕು

ಬಸವನಗುಡಿಯ ನಮ್ಮ ಅಂಗಡಿಗೆ ಕೆಟ್ಟುಹೋದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಿಡಿದು ಬರುವವರಲ್ಲಿ ಅನೇಕರು "ಇದು ನಮ್ಮ ಬ್ಯಾಕಪ್ ಡಿಸ್ಕು" ಎಂದೇ ಮಾತು ಶುರುಮಾಡುತ್ತಾರೆ. ಹಾಗಿದ್ದರೆ ಮೂಲ ಕಡತಗಳು ಕಂಪ್ಯೂಟರಿನಲ್ಲಿ ಇರಬೇಕಲ್ಲ ಎಂದು ಕೇಳಿದರೆ, ಜಾಗ ಸಾಲದ್ದರಿಂದ ಅಲ್ಲಿ ಅಳಿಸಿದೆವು ಎಂಬ ಉತ್ತರ ಬರುತ್ತದೆ. ನಿವೃತ್ತ ಅಧ್ಯಾಪಕಿಯೊಬ್ಬರು ತಂದಿದ್ದ ಡಿಸ್ಕ್‌ನಲ್ಲಿ ಮಗಳ ನಾಮಕರಣದಿಂದ ಮದುವೆಯವರೆಗಿನ ಚಿತ್ರಗಳೂ, ತೀರಿಕೊಂಡ ಅವರ ತಾಯಿ ಹೇಳುತ್ತಿದ್ದ ಹಸೆಯ ಹಾಡುಗಳ ಧ್ವನಿಮುದ್ರಣವೂ ಇದ್ದವು. ಕಡತ ನಕಲಾಗುತ್ತಿದ್ದಾಗ ಕೇಬಲ್ಲಿಗೆ ಕೈ ತಗುಲಿ ಡಿಸ್ಕ್ ಮೇಜಿನಿಂದ ಕೆಳಗೆ ಬಿದ್ದಿತ್ತು. ನಮ್ಮಿಂದ ಏನನ್ನೂ ಉಳಿಸಿಕೊಡಲಾಗಲಿಲ್ಲ. ಚಿತ್ರಗಳಲ್ಲಿ ಕೆಲವು ಮಗಳ ಫೋನಿನಲ್ಲಿ ಸಿಕ್ಕವು. ಹಾಡುಗಳು ಬೇರೆಲ್ಲೂ ಇರಲಿಲ್ಲ.

ಮೂಲ ಒಂದೆಡೆ ಇದ್ದು, ಅದರ ಪ್ರತಿ ಮತ್ತೊಂದೆಡೆ ಇದ್ದಾಗ ಮಾತ್ರ ಅದನ್ನು ಬ್ಯಾಕಪ್ ಎನ್ನಬಹುದು. ಕಡತವನ್ನು ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ಅದು ಇರುವ ಜಾಗ ಬದಲಾಗುತ್ತದೆಯೇ ಹೊರತು ರಕ್ಷಣೆ ದೊರೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೂಲಕ್ಕೆ ಬಂದ ಕುತ್ತು ಅದೇ ಹೊತ್ತಿಗೆ ಪ್ರತಿಯನ್ನೂ ಮುಟ್ಟುವಂತಿರಬಾರದು. ಆದ್ದರಿಂದ ಯಾವ ಕಂಪನಿಯ ಡಿಸ್ಕ್ ಒಳ್ಳೆಯದೆಂದು ಕೇಳುವವರಿಗೆ ನಾನು ಮೊದಲು ಹಾಕುವ ಪ್ರಶ್ನೆ, ಅದನ್ನು ಎಲ್ಲಿ ಇಡುತ್ತೀರಿ ಮತ್ತು ಎಷ್ಟು ಹೊತ್ತು ಕಂಪ್ಯೂಟರಿಗೆ ಸಿಕ್ಕಿಸಿರುತ್ತೀರಿ ಎಂಬುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಪ್ರತಿ ಮನೆಯ ಹೊರಗೆ ಎಂಬ, ನಮ್ಮ ವೃತ್ತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮೂರು-ಎರಡು-ಒಂದು ಸೂತ್ರದ ತಿರುಳೂ ಇದೇ.

ಮನೆಯ ಹೊರಗೆ ಎಂಬ ಮಾತನ್ನು ಬೆಂಗಳೂರಿನವರು ಹಗುರವಾಗಿ ತೆಗೆದುಕೊಳ್ಳಬಾರದು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿದಾಗ, ಮೇಜಿನ ಕೆಳಗಿದ್ದ ಕಂಪ್ಯೂಟರೂ ಪಕ್ಕದ ಡ್ರಾಯರಿನಲ್ಲಿದ್ದ ಬ್ಯಾಕಪ್ ಡಿಸ್ಕೂ ಒಟ್ಟಿಗೆ ಮುಳುಗುವಂಥ ಪರಿಸ್ಥಿತಿ ಇತ್ತು. ಕಳ್ಳತನವಾದರೂ, ಬೆಂಕಿ ಬಿದ್ದರೂ ಹೀಗೆಯೇ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ವಿದ್ಯುತ್ ಏರಿಳಿತದಿಂದ ಕಂಪ್ಯೂಟರ್ ಸುಟ್ಟರೆ, ಅದಕ್ಕೆ ಸಿಕ್ಕಿಸಿಟ್ಟಿದ್ದ ಡಿಸ್ಕ್ ಕೂಡ ಹಾಳಾಗಬಹುದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈನಂಥ, ಕಡತಗಳನ್ನು ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶಗಳು ಆ ಹೊತ್ತಿಗೆ ಕಂಪ್ಯೂಟರಿಗೆ ಜೋಡಿಸಿರುವ ಡಿಸ್ಕ್‌ಗಳನ್ನೂ ಬಿಡುವುದಿಲ್ಲ. ಕೇಬಲ್ ಕಿತ್ತು ಬೀರುವಿನಲ್ಲಿಟ್ಟ ಡಿಸ್ಕ್‌ಗೆ ಮಾತ್ರ ಅವು ತಲುಪಲಾರವು.

ಇನ್ನು ಹಾರ್ಡ್ ಡಿಸ್ಕೋ, ಮೆಮೊರಿ ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ಎಸ್‌ಎಸ್‌ಡಿಯೋ ಎಂಬ ಪ್ರಶ್ನೆ. ಹಾರ್ಡ್ ಡಿಸ್ಕ್‌ನ ಒಳಗಿನ ತಟ್ಟೆ ವೇಗವಾಗಿ ತಿರುಗುತ್ತಿರುವಾಗ ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್ ಎಂಬುದನ್ನು ನೆನೆದರೆ, ಆ ಸ್ಥಿತಿಯಲ್ಲಿ ಡಿಸ್ಕ್ ಬಿದ್ದಾಗ ಏನಾಗುತ್ತದೆಂಬುದು ತಿಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳಿಲ್ಲದ್ದರಿಂದ ಅದು ಪೆಟ್ಟು ತಾಳುತ್ತದೆ, ವೇಗವೂ ಹೆಚ್ಚು. ಆದರೆ ಅದು ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುವುದರಿಂದ, ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಇಟ್ಟರೆ ಆ ಆವೇಶ ನಿಧಾನವಾಗಿ ಸೋರಿಹೋಗುತ್ತದೆ. ಮೆಮೊರಿ ಚಿಪ್‌ಗಳಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ನಿಯಮವು ಮನೆಬಳಕೆಯ ಎಸ್‌ಎಸ್‌ಡಿಯಿಂದ ಅಪೇಕ್ಷಿಸುವುದು, ಬರೆಯುವ ಆಯಸ್ಸು ಪೂರ್ತಿ ಸವೆದ ಮೇಲೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಯಬೇಕು ಎಂದು. ಹೊಸದರಲ್ಲಿ ಅದು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಆದರೂ ವರ್ಷಗಟ್ಟಲೆ ಬೀರುವಿನಲ್ಲಿ ಮರೆತುಬಿಡುವ ಪ್ರತಿಗೆ ನಾನು ಹಾರ್ಡ್ ಡಿಸ್ಕನ್ನೇ ಸೂಚಿಸುತ್ತೇನೆ. ಒಂದು ಟಿಬಿಗೆ ತಗಲುವ ಖರ್ಚೂ ಅದರಲ್ಲಿಯೇ ಕಡಿಮೆ. ಪೆನ್ ಡ್ರೈವ್ ಕಡತ ಸಾಗಿಸಲು ಸರಿ, ಕಾಪಾಡಲು ಸಲ್ಲದು.

ಹೀಗಾಗಿ ಸಾಮಾನ್ಯ ಕುಟುಂಬಕ್ಕೆ ನನ್ನ ಸಲಹೆ, ದುಬಾರಿಯ ಒಂದು ಡಿಸ್ಕ್‌ನ ಬದಲು ಸಾಧಾರಣ ಬೆಲೆಯ ಎರಡನ್ನು ಕೊಳ್ಳುವುದು. ಪ್ರತಿಯೊಂದರ ಗಾತ್ರ ಈಗಿನ ಕಡತಗಳ ಎರಡರಷ್ಟಾದರೂ ಇರಲಿ. ಒಂದು ನಿಮ್ಮ ಮನೆಯಲ್ಲಿರಲಿ. ಇನ್ನೊಂದು ಊರಿನ ಮತ್ತೊಂದು ಭಾಗದಲ್ಲಿರುವ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಲಿ. ತಿಂಗಳಿಗೊಮ್ಮೆ ಅಲ್ಲಿಗೆ ಹೋದಾಗ ಎರಡನ್ನೂ ಅದಲುಬದಲು ಮಾಡಿದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಂಡರೂ ಆನ್‌ಲೈನಿನಲ್ಲಿ ಕೊಂಡರೂ ಬಿಲ್ಲಿಲ್ಲದ ಡಿಸ್ಕ್ ಬೇಡ, ಮತ್ತು ವಾರಂಟಿಯಿಂದ ಹೊಸ ಡಿಸ್ಕ್ ಸಿಗುತ್ತದೆಯೇ ವಿನಾ ಒಳಗಿದ್ದ ಕಡತಗಳು ಸಿಗುವುದಿಲ್ಲವೆಂಬುದು ನೆನಪಿರಲಿ. ಎರಡು ಡಿಸ್ಕ್‌ಗಳಿಗೆ ಒಟ್ಟಿಗೇ ಬರೆಯುವ ರೇಡ್ ಪೆಟ್ಟಿಗೆಯ ಬಗ್ಗೆ ಕೇಳುವವರಿದ್ದಾರೆ: ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ, ಆದರೆ ನೀವು ತಪ್ಪಿ ಅಳಿಸಿದ ಕಡತ ಎರಡರಿಂದಲೂ ಅದೇ ಕ್ಷಣದಲ್ಲಿ ಹೋಗುತ್ತದೆ.

ಅಂತರಜಾಲದ ಮೂಲಕ ಕಂಪನಿಗಳ ಸರ್ವರುಗಳಲ್ಲಿ ಕಡತ ಇಡುವ ಕ್ಲೌಡ್ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ಮೂಲತಃ ಎಲ್ಲ ಸಾಧನಗಳಲ್ಲಿಯೂ ಕಡತಗಳನ್ನು ಒಂದೇ ಸಮನಾಗಿಡುವ ಸೇವೆಗಳಾದ್ದರಿಂದ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 30 ದಿನ ಉಳಿಯುತ್ತದೆ, ಅಷ್ಟೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಮಿಂಚಂಚೆ, ಫೋಟೊ, ಡ್ರೈವ್ ಮೂರೂ ಸೇರಿವೆ. ಮೇಲಾಗಿ ಸೆಕೆಂಡಿಗೆ 40 ಮೆಗಾಬಿಟ್ ವೇಗದಲ್ಲಿ 500 ಜಿಬಿ ಏರಿಸಲು ಬಿಡುವಿಲ್ಲದೆ ಸುಮಾರು 28 ಗಂಟೆ ಬೇಕು. ಮನೆಯ ದಾಖಲೆಪತ್ರಗಳು, ಅಂಕಪಟ್ಟಿಗಳು, ಆಯ್ದ ಕೆಲವು ನೂರು ಚಿತ್ರಗಳು ಇವಿಷ್ಟನ್ನು ಕ್ಲೌಡ್‌ಗೆ ಹಾಕಿ ಉಳಿದದ್ದನ್ನು ಡಿಸ್ಕ್‌ಗಳಿಗೆ ಬಿಡುವುದು ನನಗೆ ಸರಿಯೆನಿಸುತ್ತದೆ.

ನಕಲು ಮಾಡುವ ಕೆಲಸವನ್ನು ಕೈಯಿಂದ ಮಾಡಬೇಡಿ. ನಾಲ್ಕನೆಯ ವಾರಕ್ಕೆ ಅದು ಮರೆತುಹೋಗುತ್ತದೆ. ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್‌ಗಳು ಒಮ್ಮೆ ಹೊಂದಿಸಿಟ್ಟರೆ ಡಿಸ್ಕ್ ಸಿಕ್ಕಿಸಿದಾಗ ತಾವೇ ಕೆಲಸ ಮಾಡುವುದಲ್ಲದೆ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತವೆ. ಬೇರೆಯವರ ಮನೆಯಲ್ಲಿಡುವ ಡಿಸ್ಕ್‌ಗೆ ಗೂಢಲಿಪೀಕರಣ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಮಾಡುವುದು, ಅಗತ್ಯ. ವಿಂಡೋಸ್‌ನ ಪ್ರೊ ಆವೃತ್ತಿ ಇದ್ದವರು ಬಿಟ್‌ಲಾಕರ್ ಬಳಸಬಹುದು, ಹೋಮ್ ಆವೃತ್ತಿಯವರಿಗೆ ಉಚಿತವಾದ ವೆರಾಕ್ರಿಪ್ಟ್ ಇದೆ. ಬಿಟ್‌ಲಾಕರ್ ಕೊಡುವ ಪಾಸ್‌ವರ್ಡ್ ಮರೆತರೆ ಬೇಕಾಗುವ 48 ಅಂಕಿಗಳ ರಿಕವರಿ ಕೀಯನ್ನು ಮುದ್ರಿಸಿ ಮನೆಪತ್ರದ ಜೊತೆಗಿಟ್ಟು, ಮನೆಯ ಇನ್ನೊಬ್ಬರಿಗೂ ತಿಳಿಸಿ.

ಕೊನೆಯದಾಗಿ, ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಬೇರೆಬೇರೆ ವರ್ಷಗಳ ಹತ್ತು ಕಡತಗಳನ್ನು ತೆರೆದು ನೋಡಿ. ಕನ್ನಡದಲ್ಲಿ ಬರೆಯುವವರಿಗೆ ಈ ಪರೀಕ್ಷೆ ಇನ್ನೂ ಅಗತ್ಯ. ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅಂಥ ಕಡತಗಳ ಜೊತೆಗೆ ಆ ಫಾಂಟುಗಳನ್ನೂ ಅದೇ ಡಿಸ್ಕ್‌ನಲ್ಲಿ ಉಳಿಸಿಟ್ಟುಕೊಳ್ಳಿ. ಸಾಧ್ಯವಾದರೆ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಿಸಿದ ಇನ್ನೊಂದು ಪ್ರತಿಯೂ ಇರಲಿ.