ಎಳನೀರಿನ ಸ್ಟ್ರಾ ಮತ್ತು 24 ಫ್ರೆಂಚ್ ಕ್ಯಾತಿಟರ್: ರಕ್ತದ ಹೆಪ್ಪು ಎಳೆದು ತೆಗೆಯುವ ಸಾಧನಗಳು

ಎಳನೀರು ಕುಡಿಯುವಾಗ ಕೆಲವೊಮ್ಮೆ ಸ್ಟ್ರಾದ ಬಾಯಿಗೆ ಗಂಜಿ ಬಂದು ಕಚ್ಚಿಕೊಳ್ಳುತ್ತದೆ. ಎಷ್ಟು ಎಳೆದರೂ ನೀರು ಬರಲ್ಲ. ಆಗ ಎಳೆಯುತ್ತಲೇ ಸ್ಟ್ರಾವನ್ನು ಮೇಲಕ್ಕೆತ್ತಬೇಕು. ತುದಿಯಲ್ಲಿ ಗಂಜಿ ನೇತಾಡುತ್ತಾ ಹೊರಗೆ ಬರುತ್ತದೆ. ನಡುವೆ ಉಸಿರು ಬಿಟ್ಟರೆ ಗಂಜಿ ವಾಪಸ್ ಒಳಗೆ. ದೊಡ್ಡ ರಕ್ತನಾಳದಿಂದ ಹೆಪ್ಪು ತೆಗೆಯುವ ಕೆಲಸದ ಮುಕ್ಕಾಲು ಪಾಲು ಇಷ್ಟೇ. ಹಿಡಿಯುವುದಕ್ಕಿಂತ, ಹಿಡಿದದ್ದನ್ನು ಬೀಳಿಸದೆ ಹೊರಗೆ ತರುವುದೇ ಕಷ್ಟ.

ಮೊದಲು ದಾರಿ ನೋಡೋಣ. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದು ಡಿವಿಟಿ. ಅದರ ತುಂಡು ಕಿತ್ತುಕೊಂಡು ಹೊಟ್ಟೆಯ ಮಹಾಸಿರೆ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ ದಾಟಿ ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಂಡರೆ ಪಲ್ಮನರಿ ಎಂಬಾಲಿಸಂ. ತೊಡೆಸಂದಿನಿಂದ ಒಳಗೆ ಹೋಗುವ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ಉದ್ದನೆಯ ಕೊಳವೆ) ಕೂಡ ಇದೇ ದಾರಿ ಹಿಡಿಯುತ್ತದೆ. ಈ ದಾರಿಯನ್ನು ಒಂದು ಸಲ ಕೈಯಲ್ಲಿ ಬರೆದು ನೋಡಿ, ಅರ್ಧ ಪಾಠ ಮುಗಿದ ಹಾಗೆ.

ಔಷಧಿ ಕೊಟ್ಟು ಕರಗಿಸಬಹುದಲ್ವಾ? ಕರಗಿಸಬಹುದು. ಆದರೆ ಆ ಔಷಧಿಗೆ ಶ್ವಾಸಕೋಶದ ಹೆಪ್ಪು ಯಾವುದು, ಮಿದುಳಿನಲ್ಲಿ ರಕ್ತ ಸೋರದಂತೆ ತಡೆದಿರುವ ಪುಟ್ಟ ಹೆಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. 2014ರ ಪೀಥೋ ಅಧ್ಯಯನದಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಔಷಧಿ ಪಡೆದವರಲ್ಲಿ ಶೇ. 2ರಷ್ಟು ಜನರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಪಾರ್ಶ್ವವಾಯು ಬಂತು. ಬರೀ ಹೆಪಾರಿನ್ (ಹೆಪ್ಪು ಬೆಳೆಯದಂತೆ ತಡೆಯುವ ಔಷಧಿ) ಪಡೆದವರಲ್ಲಿ ಇದು ಶೇ. 0.2. ಈಗಷ್ಟೇ ಆಪರೇಷನ್ ಆದವರಿಗೆ, ಹೆರಿಗೆಯಾದವರಿಗೆ ಇದನ್ನು ಕೊಡಲು ಡಾಕ್ಟರು ಯಾಕೆ ಹಿಂಜರಿಯುತ್ತಾರೆ ಅಂತ ಇದರಿಂದ ತಿಳಿಯುತ್ತದೆ.

ಕೈಯಿಂದ ಎಳೆದು ತೆಗೆಯುವ ಉಪಾಯ ಕೊಟ್ಟವರು ಅಮೆರಿಕದ ಥಾಮಸ್ ಫೋಗಾರ್ಟಿ. ಸರ್ಜರಿ ಕೈಗವಸಿನ ಬೆರಳ ತುದಿಯನ್ನು ಕತ್ತರಿಸಿ ತೆಳು ಕ್ಯಾತಿಟರ್‌ಗೆ ಕಟ್ಟಿದರು. ಅದನ್ನು ಅಂಟಿಸಲು ಆಗ ಸರಿಯಾದ ಅಂಟು ಸಿಗಲಿಲ್ಲ. ಮೀನಿನ ಗಾಳಕ್ಕೆ ನಕಲಿ ನೊಣ ಕಟ್ಟುವ ಗಂಟು ಅವರಿಗೆ ಬರುತ್ತಿತ್ತು, ಅದನ್ನೇ ಹಾಕಿದರು. ಬಲೂನನ್ನು ಮಡಚಿಕೊಂಡೇ ಹೆಪ್ಪು ದಾಟಿಸಿ, ಆಚೆ ಬದಿಯಲ್ಲಿ ಊದಿಸಿ, ಹಿಂದಕ್ಕೆ ಎಳೆಯುವುದು. 1963ರಲ್ಲಿ ಪ್ರಕಟವಾದ ಈ ವಿಧಾನ ಕೈಕಾಲಿನ ಅಪಧಮನಿಗಳಿಗೆ ಇವತ್ತಿಗೂ ಬಳಕೆಯಲ್ಲಿದೆ.

ಇನ್ನು ಅಳತೆ. ಇಲ್ಲಿ ನಾನು ಒಂದು ಮಾರ್ಕ್ಸ್ ಕಳೆದುಕೊಂಡಿದ್ದೇನೆ, ನೀವು ಕಳೆದುಕೊಳ್ಳಬೇಡಿ. ಸೂಜಿಯ ಗೇಜ್‌ನಲ್ಲಿ ಸಂಖ್ಯೆ ಹೆಚ್ಚಾದರೆ ಸೂಜಿ ಸಣ್ಣ. ಫ್ರೆಂಚ್ ಅಳತೆಯಲ್ಲಿ ಉಲ್ಟಾ, ಸಂಖ್ಯೆ ಹೆಚ್ಚಾದರೆ ಕೊಳವೆ ದಪ್ಪ. 3 ಫ್ರೆಂಚ್ ಅಂದರೆ 1 ಮಿ.ಮೀ. ಹಾಗಾಗಿ 24 ಫ್ರೆಂಚ್ ಅಂದರೆ 8 ಮಿ.ಮೀ., ಹೆಚ್ಚುಕಮ್ಮಿ ಒಂದು ಪೆನ್ಸಿಲ್ ದಪ್ಪ. ಇದು ಹೃದಯದೊಳಗಿಂದ ಹಾದುಹೋಗಬೇಕು!

ಅಷ್ಟು ದಪ್ಪ ಯಾಕೆ ಬೇಕು? ಲೆಕ್ಕ ಹಾಕಿ. ಪೂರ್ತಿ ನಿರ್ವಾತ ಮಾಡಿದರೂ ಒಂದು ಚದರ ಸೆಂ.ಮೀ.ಗೆ ಸಿಗುವ ಎಳೆತ ಸುಮಾರು 1 ಕೆ.ಜಿ. ತೂಕದಷ್ಟು. ಅದಕ್ಕಿಂತ ಜಾಸ್ತಿ ಯಾವ ಪಂಪೂ ಕೊಡಲಾರದು, ಯಾಕೆಂದರೆ ತಳ್ಳುತ್ತಿರುವುದು ಹೊರಗಿನ ಗಾಳಿ. (ಬೆಂಗಳೂರಿನ ಎತ್ತರದಲ್ಲಿ ಇದು ಮಂಗಳೂರಿಗಿಂತ ಸುಮಾರು ಶೇ. 10 ಕಡಿಮೆ. ಪರೀಕ್ಷೆಗೆ ಬರಲ್ಲ, ಸುಮ್ನೆ ಹೇಳಿದೆ.) ತೂತು 2 ಮಿ.ಮೀ. ಇದ್ದರೆ ತುದಿಯ ಹಿಡಿತ ಬರೀ 30 ಗ್ರಾಂನಷ್ಟು. 8 ಮಿ.ಮೀ. ಇದ್ದರೆ ಅರ್ಧ ಕೆ.ಜಿ. ಹರಿವಿನ ಲೆಕ್ಕ ಇನ್ನೂ ಜೋರು. ಪ್ವಾಸೆಯ ನಿಯಮದ ಪ್ರಕಾರ ಕೊಳವೆಯ ಅಗಲ ಎರಡು ಪಟ್ಟಾದರೆ ಹರಿವು 16 ಪಟ್ಟು. ಪಂಪಿನ ಶಕ್ತಿ ಹೆಚ್ಚಿಸಲು ಆಗದ್ದಕ್ಕೇ ಕಂಪನಿಗಳು ತೂತು ದೊಡ್ಡದು ಮಾಡುತ್ತಾ ಹೋದವು.

ದಪ್ಪ ಕೊಳವೆಗೆ ಅದರದೇ ತಾಪತ್ರಯ ಇದೆ. ಹೃದಯದ ಬಲಭಾಗದ ತ್ರಿದಳ ಕವಾಟಕ್ಕೆ ದಾರದಂಥ ಎಳೆಗಳಿವೆ. ಕ್ಯಾತಿಟರ್‌ಗೆ ದಾರಿ ತೋರಿಸಲು ಮೊದಲು ಬಿಡುವ ವೈರ್ ಆ ಎಳೆಗಳ ಸಂದಿಯಲ್ಲಿ ತೂರಿದ್ದು ಗೊತ್ತಾಗದೆ ಅದರ ಮೇಲೆ ದಪ್ಪ ಕ್ಯಾತಿಟರ್ ತಳ್ಳಿದರೆ ಎಳೆ ಹರಿಯಬಹುದು. ಅದಕ್ಕೇ ಮೊದಲು ತುದಿಯಲ್ಲಿ ಬಲೂನ್ ಇರುವ ಅಥವಾ ಬಾಲ ಸುರುಳಿಯಾದ ಕ್ಯಾತಿಟರ್‌ನಿಂದ ಕವಾಟ ದಾಟುತ್ತಾರೆ. ಅಗಲದ್ದು ಸಣ್ಣ ಸಂದಿಯಲ್ಲಿ ನುಸುಳಲ್ಲ, ನಡುಬಾಗಿಲಿನಿಂದಲೇ ಹೋಗುತ್ತದೆ.

ಈಗ ಸ್ಟ್ರಾ ಕಥೆಗೆ ಬರೋಣ. ಫ್ಲೋಟ್ರೀವರ್ ಎಂಬ ಸಾಧನಕ್ಕೆ ಅಮೆರಿಕದಲ್ಲಿ 2018ರಲ್ಲಿ ಶ್ವಾಸಕೋಶದ ಹೆಪ್ಪಿಗೆ ಅನುಮತಿ ಸಿಕ್ಕಿತು. ಇದರಲ್ಲಿ ದೊಡ್ಡ ಸಿರಿಂಜಿನಲ್ಲಿ ಮೊದಲೇ ನಿರ್ವಾತ ಮಾಡಿಟ್ಟು, ಹೆಪ್ಪಿನ ಹತ್ತಿರ ಹೋದ ಮೇಲೆ ನಲ್ಲಿ ತಿರುಗಿಸುತ್ತಾರೆ. ರಕ್ತ ಸರ್ರನೆ ಬಂದರೆ ತುದಿ ಖಾಲಿ ಜಾಗದಲ್ಲಿದೆ. ಏನೂ ಬರದಿದ್ದರೆ ಗಂಜಿ ಕಚ್ಚಿದೆ ಅಂತ. ಆಗ ಎಳೆತ ಬಿಡದೆ ಇಡೀ ಕ್ಯಾತಿಟರನ್ನು ಹೊರಗೆ ತರುತ್ತಾರೆ. ವೈರ್ ಮಾತ್ರ ಅಲ್ಲೇ ಇರುತ್ತದೆ, ಮತ್ತೆ ಹೋಗಬೇಕಲ್ಲ.

ರಕ್ತನಷ್ಟವೇ ಇದರ ದೊಡ್ಡ ಚಿಂತೆ. ಒಂದು ಎಳೆತಕ್ಕೆ 60 ಮಿ.ಲೀ. ಅಂದುಕೊಂಡರೆ ಆರು ಸಲಕ್ಕೆ 360 ಮಿ.ಲೀ. ಒಬ್ಬರು ರಕ್ತದಾನ ಮಾಡಿದಷ್ಟೇ ಆಯಿತು, ಅದೂ ಮೊದಲೇ ಬಿಪಿ ಕುಸಿದಿರುವ ರೋಗಿಯಿಂದ. ಇದಕ್ಕೆ ಎರಡು ಥರದ ಉತ್ತರ ಬಂದಿದೆ. ಫ್ಲೋಟ್ರೀವರ್‌ನವರು ರಕ್ತ ಸೋಸಿ ವಾಪಸ್ ರೋಗಿಗೇ ಕೊಡುವ ಫಿಲ್ಟರ್ ತಂದರು. ಪೆನಂಬ್ರಾ ಕಂಪನಿಯವರ ಲೈಟ್ನಿಂಗ್ ಪಂಪು ಕೊಳವೆಯ ಹರಿವನ್ನು ತಾನೇ ಗಮನಿಸುತ್ತದೆ. ಬರೀ ರಕ್ತ ಬರುತ್ತಿದ್ದರೆ ಕವಾಟವನ್ನು ಮುಚ್ಚಿ ತೆರೆದು ಮಾಡುತ್ತದೆ, ಹೆಪ್ಪು ಸಿಕ್ಕಿದ ಕೂಡಲೇ ಪೂರ್ತಿ ಎಳೆಯುತ್ತದೆ. ನನಗೆ ಎರಡನೆಯದು ಹೆಚ್ಚು ಜಾಣತನದ್ದು ಅನ್ನಿಸುತ್ತದೆ, ಆದರೆ ಅದರ ಕೊಳವೆ ಸಣ್ಣದು. ಯಾವುದೂ ಪುಕ್ಕಟೆ ಸಿಗಲ್ಲ.

ಆಂಜಿಯೋಜೆಟ್ ಎಂಬ ಸಾಧನದ್ದು ಬೇರೆ ದಾರಿ. ಸಲೈನನ್ನು ಹಿಮ್ಮುಖವಾಗಿ ಭಾರೀ ವೇಗದಲ್ಲಿ ಚಿಮ್ಮಿಸಿದರೆ ಅಲ್ಲಿ ಒತ್ತಡ ಇಳಿಯುತ್ತದೆ (ಬರ್ನೂಲಿ ನೆನಪಿದೆಯಾ?), ಹೆಪ್ಪು ಪುಡಿಯಾಗಿ ಒಳಗೆ ಬರುತ್ತದೆ. ಜೊತೆಗೆ ಕೆಂಪು ರಕ್ತಕಣಗಳೂ ಒಡೆಯುತ್ತವೆ. ಮೂತ್ರ ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿಗೆ ಪೆಟ್ಟು ಬೀಳಬಹುದು. ಒಡೆದ ಕಣಗಳಿಂದ ಹೊರಬಿದ್ದ ಪದಾರ್ಥಗಳಿಂದ ಹೃದಯದ ಬಡಿತ ದಿಢೀರ್ ಇಳಿಯುವುದೂ ಉಂಟು. ಶ್ವಾಸಕೋಶದಲ್ಲಿ ಇದನ್ನು ಬಳಸುವ ಬಗ್ಗೆ ಅಮೆರಿಕದ ಔಷಧಿ-ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದೆ.

ಕಾಲಿನ ಡಿವಿಟಿಗೆ ಕ್ಲಾಟ್‌ಟ್ರೀವರ್ ಇದೆ. ಮಂಡಿಯ ಹಿಂದಿನಿಂದ ಒಳಗೆ ಹೋಗಿ, ಮೇಲೆ ಬಿಚ್ಚಿಕೊಂಡು, ನಾಳದ ಗೋಡೆಯನ್ನು ಕೆರೆಯುತ್ತಾ ಕೆಳಗೆ ಬರುತ್ತದೆ. ಕೆರೆದದ್ದೆಲ್ಲ ಹಿಂದಿನ ಬಲೆಚೀಲಕ್ಕೆ. ತೆಂಗಿನಕಾಯಿ ತುರಿದು ಚೀಲಕ್ಕೆ ತುಂಬಿದ ಹಾಗೆ. ಅದರ ತಂತಿ ನಿಟಿನಾಲ್, ನಿಕಲ್-ಟೈಟಾನಿಯಂ ಮಿಶ್ರಲೋಹ. ಮಡಚಿ ತೂರಿಸಿದರೂ ಹೊರಬಂದೊಡನೆ ತನ್ನ ಆಕಾರಕ್ಕೆ ಮರಳುತ್ತದೆ.

ಫಲ ಹೇಗೆ? 2024ರ ಪೀರ್‌ಲೆಸ್ ಅಧ್ಯಯನದಲ್ಲಿ ಶ್ವಾಸಕೋಶದ ಹೆಪ್ಪಿನ 550 ರೋಗಿಗಳಿದ್ದರು. ಕ್ಯಾತಿಟರ್ ಮೂಲಕವೇ ಔಷಧಿ ಕೊಟ್ಟವರಿಗೆ ಹೋಲಿಸಿದರೆ, ಹೆಪ್ಪು ಎಳೆದು ತೆಗೆದವರು ಐಸಿಯುನಲ್ಲಿ ಕಳೆದ ಸಮಯ ಕಡಿಮೆ, ಸ್ಥಿತಿ ಕೆಟ್ಟದ್ದೂ ಕಡಿಮೆ. ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಜಾಹೀರಾತು ನೋಡಿ ಉತ್ತರ ಬರೆಯುವವರು ಈ ಕೊನೆಯ ವಾಕ್ಯ ಬಿಟ್ಟುಬಿಡುತ್ತಾರೆ.

ಹೊರಬಂದ ಹೆಪ್ಪನ್ನು ಹಸಿರು ಬಟ್ಟೆಯ ಮೇಲೆ ಹರಡುತ್ತಾರೆ. ಹೊಸದು ಕಡುಗೆಂಪು, ಜೆಲ್ಲಿಯ ಹಾಗೆ ಜಾರುತ್ತದೆ. ಹಳೆಯದು ಬಿಳಿಚಿಕೊಂಡಿರುತ್ತದೆ, ರಬ್ಬರಿನಂತೆ ಗಟ್ಟಿ. ವಾರಗಳು ಕಳೆದಂತೆ ಅದರೊಳಗೆ ನಾರು ಬೆಳೆದು ಗೋಡೆಗೆ ಬೆಸೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹಳೆಯದಾಗಿ ಗೋಡೆಯ ಭಾಗವೇ ಆಗಿಬಿಟ್ಟಿದ್ದರೆ ಈ ಯಾವ ಕೊಳವೆಗೂ ಅದು ಬರುವುದಿಲ್ಲ. ಶ್ವಾಸಕೋಶದಲ್ಲಾದರೆ ಎದೆ ತೆರೆದು, ದೇಹವನ್ನು ಸುಮಾರು 20 ಡಿಗ್ರಿಗೆ ತಣ್ಣಗೆ ಮಾಡಿ, ರಕ್ತ ಸಂಚಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ, ಒಳಪದರದ ಸಮೇತ ಸುಲಿದು ತೆಗೆಯಬೇಕು. ಅದಕ್ಕೆ ಬೇರೆಯೇ ಟಿಪ್ಪಣಿ ಬೇಕು.