ಬರಕ್ಕೆ ಕಟ್ಟಿದ ಡ್ಯಾಂ, ನೆರೆಗೆ ಸಾಲದ ಜಾಗ

ಬಳ್ಳಾರಿ ಜಿಲ್ಲೆಯ ಕಂಪ್ಲಿಯಲ್ಲಿ ಹನಿ ಮಳೆ ಬೀಳದ ದಿನವೂ ತುಂಗಭದ್ರಾ ಹೊಳೆ ಉಕ್ಕಿ ಸೇತುವೆ ಮುಳುಗುತ್ತದೆ. ಆಗುಂಬೆ, ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದ ನೀರು ಅದು. ತುಂಗೆಗೆ ಗಾಜನೂರಿನಲ್ಲಿರುವುದು ಸಣ್ಣ ಅಣೆಕಟ್ಟು, ಬೇಗ ತುಂಬುತ್ತದೆ. ಮುಂದೆ ಹೊಸಪೇಟೆಯ ತುಂಗಭದ್ರಾ ಡ್ಯಾಂ ಕೂಡ ತುಂಬಿದ್ದರೆ, ಬಂದಷ್ಟನ್ನೂ ಹೊಳೆಗೇ ಬಿಡಬೇಕು.

ಇಷ್ಟು ದೊಡ್ಡ ಡ್ಯಾಂ ಇದ್ದೂ ನೆರೆ ಯಾಕೆ ಅಂತ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಈ ಡ್ಯಾಂ ಕಟ್ಟಿದ್ದೇ ಬರಕ್ಕೆ ಹೆದರಿ. 1945ರಲ್ಲಿ ಮದ್ರಾಸ್ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನ ಸೇರಿ ಕೆಲಸ ಶುರು ಮಾಡಿದವು. 1953ರಲ್ಲಿ ಡ್ಯಾಂ ಮುಗಿಯಿತು. ಒಣ ಹೊಲಗಳಿಗೆ ಕಾಲುವೆ ಬಂತು, ಗಂಗಾವತಿ, ಸಿಂಧನೂರು ಭತ್ತದ ನಾಡಾದವು. ಎರಡನೇ ಬೆಳೆಗೂ ನೀರು ಬೇಕೆಂದರೆ ಮಳೆಗಾಲದಲ್ಲೇ ಡ್ಯಾಂ ತುಂಬಿರಬೇಕು. ನೆರೆ ತಡೆಯಬೇಕೆಂದರೆ ಅದೇ ಹೊತ್ತಿಗೆ ಒಂದಿಷ್ಟು ಖಾಲಿ ಇರಬೇಕು. ತೊಡಕು ಇರುವುದೇ ಇಲ್ಲಿ.

ಇದಕ್ಕೆ ಹೂಳು ಬೇರೆ ಸೇರಿಕೊಂಡಿತು. ಕಟ್ಟಿದಾಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿದ್ದ ಡ್ಯಾಂನಲ್ಲಿ ಈಗ ನಿಲ್ಲುವುದು 105.78 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಅಂದರೆ ಮೂರು ದಿನದ ದೊಡ್ಡ ನೆರೆಯನ್ನು ತಡೆದಿಡುವಷ್ಟು ಜಾಗವನ್ನು ಹೂಳು ತಿಂದುಬಿಟ್ಟಿದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಮಾತ್ರ ಮಲೆನಾಡಿನದಲ್ಲ, ನಮ್ಮ ಸೀಮೆಯಲ್ಲೇ ಸುರಿದದ್ದು. ಕೃಷ್ಣಾ, ತುಂಗಭದ್ರಾ ನಡುವಿನ ರಾಯಚೂರು ನಲುಗಿತು. ಆಚೆ ದಂಡೆಯ ಮಂತ್ರಾಲಯಕ್ಕೆ ನೀರು ನುಗ್ಗಿತು. ಆಮೇಲೆ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಸಿದರು. ಒಳ್ಳೆಯ ಕೆಲಸವೇ. ಆದರೆ ಹೊಲ, ಪಂಪ್‌ಸೆಟ್ಟು ಎಲ್ಲ ಹೊಳೆದಂಡೆಯಲ್ಲೇ ಇರುವಾಗ ದೂರ ಹೋಗಿ ಇರುವುದು ಸುಲಭ ಅಲ್ಲ, ಅಲ್ವಾ?

ಈ ಡ್ಯಾಂ ಎಷ್ಟು ಹಳೆಯದಾಗಿದೆ ಅನ್ನೋದು ಎಲ್ಲರಿಗೂ ಗೊತ್ತಾದದ್ದು 2024ರ ಆಗಸ್ಟ್ 10ರ ರಾತ್ರಿ. ಹೆಚ್ಚಾದ ನೀರನ್ನು ಹೊಳೆಗೆ ಬಿಡುವ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟ್ ಕೊಚ್ಚಿಹೋಯಿತು. ತುಂಬಿದ ಡ್ಯಾಂನ ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ತೆರೆಯಬೇಕಾಯಿತು. ಕೆಳಗಿನ ಊರುಗಳಿಗೆ ನೆರೆಯ ಭಯ, ರೈತರಿಗೆ ಬೆಳೆಯ ಭಯ, ಎರಡೂ ಒಂದೇ ರಾತ್ರಿ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಗೇಟ್ ಇದ್ದ ಜಾಗ ಮುಚ್ಚುವ ಉಕ್ಕಿನ ಅಡ್ಡತಡೆಗಳನ್ನು (ಸ್ಟಾಪ್‌ಲಾಗ್) ಇಳಿಸಿತು. ವಾರದೊಳಗೆ ಆ ಕೆಲಸ ಮುಗಿಯಿತು. ಎಲ್ಲ ಗೇಟ್‌ಗಳನ್ನೂ ಬದಲಿಸುವ ತೀರ್ಮಾನವಾಯಿತು. ಹಳೆಯ ಗೇಟ್‌ಗಳ ಮೇಲೆ ಒತ್ತಡ ಬೀಳದಿರಲಿ ಅಂತ 2025ರಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಿದರು.

ಹೂಳಿನಿಂದ ಹೋದ ಜಾಗಕ್ಕೆ ಬದಲಾಗಿ ಕೊಪ್ಪಳದ ನವಲಿ ಬಳಿ, ಮಳೆಗಾಲದ ಹೆಚ್ಚುವರಿ ನೀರನ್ನು ಹಿಡಿದಿಡಲು ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ಇದೆ. ಅದಕ್ಕೆ ಜಮೀನು ಬೇಕು, ದುಡ್ಡು ಬೇಕು, ಆಂಧ್ರ, ತೆಲಂಗಾಣಗಳ ಒಪ್ಪಿಗೆಯೂ ಬೇಕು. ಕಂಪ್ಲಿ ಸೇತುವೆ ಅಷ್ಟು ಕಾಯಬೇಕಿಲ್ಲ. ನೀರು ಇಳಿದ ಮೇಲೆ ಅಲ್ಲಿ ನೋಡಿದರೆ ಕಿತ್ತುಹೋದ ಕಂಬಿ, ಸಿಕ್ಕಿಕೊಂಡ ಕೊಂಬೆ, ಕೆಸರು. ರಿಪೇರಿ ಮುಗಿಯುವವರೆಗೆ ಗಂಗಾವತಿಗೆ ಹೋಗುವವರು ಬುಕ್ಕಸಾಗರ, ಕಡೆಬಾಗಿಲು ಮೇಲೆ ಸುತ್ತಿ ಹೋಗಬೇಕು. ಎತ್ತರದ ಹೊಸ ಸೇತುವೆಗೆ ಯಾವ ರಾಜ್ಯವನ್ನೂ ಕೇಳಬೇಕಿಲ್ಲ, ಮೊದಲು ಅದು ಆಗಲಿ.