ಬೇಸ್ ಕೇಳದಿದ್ದರೆ ಫೇಡರ್ ಏರಿಸಬೇಡಿ

ಅಮೆರಿಕದ ಕಪ್ಪು ಗಾಯಕರು ಬೆಳೆಸಿದ ಹಳೆಯ ಸೋಲ್ ಸಂಗೀತಕ್ಕೆ ಗೌರವ ಸಲ್ಲಿಸುವ ಟಿವಿ ಕಾರ್ಯಕ್ರಮಗಳ ಮಿಕ್ಸಿಂಗ್ ಕೋಣೆಗೆ ಬರುವ ಮೊದಲ ದೂರು ಯಾವಾಗಲೂ ಒಂದೇ: ‘ಬೇಸ್ ಕೇಳ್ತಿಲ್ಲ, ಸ್ವಲ್ಪ ಏರಿಸಿ.’ ಬೇಸ್ ಎಂದರೆ ಹಾಡಿಗೆ ಮಂದ್ರದ ತಳ ಹಾಕುವ ಬೇಸ್ ಗಿಟಾರ್. ನಿರ್ಮಾಪಕರು ಹೇಳುತ್ತಾರೆ, ವಾಹಿನಿಯವರೂ ಹೇಳುತ್ತಾರೆ. ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿ, ಏರಿಸಿದರೂ ಕೇಳುವುದಿಲ್ಲ. ಇನ್ನಷ್ಟು ಏರಿಸಿದರೆ ಬೇಸ್ ಕೇಳದಿರುವುದರ ಜೊತೆಗೆ ಗಾಯಕಿಯ ದನಿಯೂ ಪ್ರತಿ ಪೆಟ್ಟಿಗೆ ಒಮ್ಮೆ ಕುಗ್ಗತೊಡಗುತ್ತದೆ. ಕೊನೆಗೆ ‘ಹಳೇ ರೆಕಾರ್ಡಿನ ಸೊಗಸು ಬರಲಿಲ್ಲ’ ಎಂಬ ಮಾತು ವಾದ್ಯಗಾರರ ತಲೆಗೆ ಬರುತ್ತದೆ. ಅವರು ಏನೂ ತಪ್ಪು ಮಾಡಿರುವುದಿಲ್ಲ.

ಈ ಬಗೆಯ ಕಾರ್ಯಕ್ರಮಗಳಿಗೆ ಅಮೆರಿಕದಲ್ಲಿ ದೊಡ್ಡ ಪರಂಪರೆಯೇ ಇದೆ. ಡೆಟ್ರಾಯಿಟ್‌ನಲ್ಲಿ ಹುಟ್ಟಿದ ರೆಕಾರ್ಡ್ ಕಂಪನಿ ಮೋಟೌನ್‌ನ 25 ವರ್ಷದ ಸಂಭ್ರಮವನ್ನು 1983ರ ಮಾರ್ಚ್ 25ರಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಚಿತ್ರೀಕರಿಸಿ, ಮೇ 16ರಂದು ಎನ್‌ಬಿಸಿ ವಾಹಿನಿ ಪ್ರಸಾರ ಮಾಡಿತು. ಶ್ವೇತಭವನದ ಈಸ್ಟ್ ರೂಮಿನಲ್ಲಿ 2011ರ ಫೆಬ್ರುವರಿಯಲ್ಲಿ ಮೋಟೌನ್ ಸಂಜೆ, 2013ರ ಏಪ್ರಿಲ್‌ನಲ್ಲಿ ಮೆಂಫಿಸ್ ಸೋಲ್ ಸಂಜೆ ನಡೆದವು. ಸೋಲ್ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ತೀರಿಕೊಂಡ ಮೇಲೆ 2019ರ ಮಾರ್ಚ್‌ನಲ್ಲಿ ಸಿಬಿಎಸ್ ಅವರ ಹಾಡುಗಳಿಗೇ ಮೀಸಲಾದ ಕಛೇರಿಯೊಂದನ್ನು ತೋರಿಸಿತು. ಈ ತುಣುಕುಗಳನ್ನು ಈಗ ಬಹುತೇಕರು ನೋಡುವುದು ಫೋನಿನಲ್ಲಿ. ಸಮಸ್ಯೆಯ ಬೇರು ಅಲ್ಲೇ ಇದೆ.

ಒಂದು ಹಾಡನ್ನೇ ಹಿಡಿದು ನೋಡೋಣ. ಮೋಟೌನಿನ ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ 1964ರ ಡಿಸೆಂಬರ್‌ನಲ್ಲಿ ಬಂದದ್ದು. ಮೊದಲು ಬೇಸ್ ಒಂಟಿಯಾಗಿ ನುಡಿಯುತ್ತದೆ, ನುಡಿಸಿದವರು ಜೇಮ್ಸ್ ಜೇಮರ್ಸನ್. ಅದರ ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಸ, ರಿ, ಗ, ಪ, ದ, ಸ ಎಂದು ಮೇಲೇರುತ್ತದೆ. ನಮ್ಮ ಕಿವಿಗೆ ಅದು ಮೋಹನ ರಾಗದ ಆರೋಹಣವೇ. ಹಾಡಿನ ಶ್ರುತಿ ಸಿ. ಬೇಸಿನ ಆ ಸಿ ಸ್ವರ ಸುಮಾರು 65 ಹರ್ಟ್ಜ್. ಗೋಡೆಗೆ ಒರಗಿಸಿದ ತೆಳು ಟಿವಿಯ ಸ್ಪೀಕರ್ 120–150 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನೂ ನುಡಿಯುವುದಿಲ್ಲ, ಫೋನಿನದು 300ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದ್ದರೂ 65 ಹರ್ಟ್ಜ್ ಯಾವ ಫೋನಿನಲ್ಲೂ ಬರುವುದಿಲ್ಲ. ಸ್ಪೀಕರಿಗೆ ನುಡಿಸಲು ಆಗದ ಸ್ವರವನ್ನು 6 ಡೆಸಿಬೆಲ್ ಏರಿಸಿದರೂ ಅಷ್ಟೇ, 12 ಏರಿಸಿದರೂ ಅಷ್ಟೇ. ಎಷ್ಟು ಸಲ ಹೇಳಿದರೂ ಜನ ಮರೆಯುವ ಮಾತು ಇದು.

ಹಾಗಾದರೆ ಅದೇ ಫೋನಿನಲ್ಲಿ 1964ರ ರೆಕಾರ್ಡಿನ ಬೇಸ್ ಹೇಗೆ ಕೇಳುತ್ತದೆ? ಉತ್ತರ ತಂಬೂರಿಯಲ್ಲಿದೆ. ಮಂದ್ರ ಷಡ್ಜವನ್ನು ಮೀಟಿದಾಗ ಯಾರೂ ಮೀಟದ ಗಾಂಧಾರ ತಾನಾಗಿ ಮೂಡುತ್ತದೆ, ಅದನ್ನೇ ಸ್ವಯಂಭೂ ಗಾಂಧಾರ ಎನ್ನುತ್ತೇವೆ. ಪ್ರತಿ ತಂತಿಯೂ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಉಪಸ್ವರಗಳನ್ನು ಹೊರಡಿಸುತ್ತದೆ. 65ಕ್ಕೆ 131, 196, 262, 327. ಇವು ಸರಿಯಾದ ಪ್ರಮಾಣದಲ್ಲಿ ಕಿವಿಗೆ ಬಿದ್ದರೆ ಸಾಕು, ಸ್ಪೀಕರಿನಲ್ಲಿ ಇಲ್ಲದ 65ನ್ನು ಮಿದುಳು ತಾನೇ ಜೋಡಿಸಿಕೊಳ್ಳುತ್ತದೆ. ಸಣ್ಣ ಸ್ಪೀಕರಿನಲ್ಲಿ ನಾವು ಬೇಸ್ ಎಂದು ಕೇಳುವುದೆಲ್ಲ ಈ ಲೆಕ್ಕದ್ದೇ. ಡೆಟ್ರಾಯಿಟ್‌ನಲ್ಲಿ ಮೋಟೌನಿನ ಹಿಟ್ಸ್‌ವಿಲ್ ಸ್ಟುಡಿಯೋದಲ್ಲಿ ಜೇಮರ್ಸನ್ ಅವರ ಬೇಸ್ ನೇರವಾಗಿ ಮಿಕ್ಸಿಂಗ್ ಕನ್ಸೋಲಿಗೆ ಹೋಗುತ್ತಿತ್ತು. ಅಲ್ಲಿನ ವಾಲ್ವುಗಳೂ ಆಮೇಲಿನ ಟೇಪೂ ಈ ಉಪಸ್ವರಗಳಿಗೆ ತುಸು ಮೈ ಕೊಡುತ್ತಿದ್ದವು. ಮೋಟೌನಿನವರು ಮಿಕ್ಸನ್ನು ಕಾರಿನ ರೇಡಿಯೋ ಸ್ಪೀಕರಿನಂಥ ಸಣ್ಣ ಸ್ಪೀಕರಿನಲ್ಲಿ ಕೇಳಿ ನೋಡುತ್ತಿದ್ದರು, ಏಕೆಂದರೆ ಗಿರಾಕಿಗಳು ಕೇಳುತ್ತಿದ್ದದ್ದೂ ಕಾರಿನಲ್ಲೇ.

ಇಂದಿನ ವೇದಿಕೆಯಲ್ಲಿ ಆಗುವುದು ಬೇರೆ. ಒಳ್ಳೆಯ ಬೇಸ್ ವಾದಕರು ಹಳೆಯ ನಾದ ಬರಲೆಂದು ಫ್ಲ್ಯಾಟ್‌ವೌಂಡ್, ಅಂದರೆ ಚಪ್ಪಟೆ ಪಟ್ಟಿ ಸುತ್ತಿದ ತಂತಿ ಹಾಕುತ್ತಾರೆ, ಬ್ರಿಡ್ಜಿನ ಬಳಿ ಸ್ಪಂಜು ಸಿಕ್ಕಿಸುತ್ತಾರೆ. ಜೇಮರ್ಸನ್ ಮಾಡಿದ್ದೂ ಅದನ್ನೇ, ಅದು ಸರಿಯೇ. ಆದರೆ ಈ ಜೋಡಿ ಮೇಲಿನ ಉಪಸ್ವರಗಳನ್ನು ತಗ್ಗಿಸುತ್ತದೆ. ಅದನ್ನು ಈಗಿನ ಶುದ್ಧ ಡಿಜಿಟಲ್ ದಾರಿಯಲ್ಲಿ ಹಾಗೇ ತಂದರೆ ಉಳಿಯುವುದು ಬರೀ ತಳ. ಕೋಣೆಯ ದೊಡ್ಡ ಮಾನಿಟರಿನಲ್ಲಿ ಅದ್ಭುತವಾಗಿ ಕೇಳುತ್ತದೆ, ಮನೆಯಲ್ಲಿ ಇಲ್ಲವೇ ಇಲ್ಲ.

ಮಾಡಬೇಕಾದದ್ದು ಇಷ್ಟು. ಬೇಸನ್ನು ಎರಡು ಚಾನೆಲ್‌ಗೆ ಒಡೆಯಿರಿ. ಒಂದು ಶುದ್ಧವಾಗಿರಲಿ. ಅದಕ್ಕೆ ಕಂಪ್ರೆಷನ್ (ಜೋರಾದ ಸದ್ದನ್ನು ತಾನಾಗಿ ತಗ್ಗಿಸುವುದು) 3:1 ಅಥವಾ 4:1, ಅಟ್ಯಾಕ್ (ಅದು ಹಿಡಿಯಲು ಬೇಕಾದ ಸಮಯ) 20–30 ಮಿಲಿಸೆಕೆಂಡ್, ರಿಲೀಸ್ (ಬಿಡಲು ಬೇಕಾದ ಸಮಯ) 100–150, ಇಳಿತ 4ರಿಂದ 6 ಡೆಸಿಬೆಲ್. ಅಟ್ಯಾಕ್ ಇನ್ನೂ ಚುರುಕಾಗಿಸಿದರೆ ಬೆರಳಿನ ಪೆಟ್ಟೇ ಸತ್ತುಹೋಗುತ್ತದೆ. ಎರಡನೆಯದರಲ್ಲಿ 120 ಹರ್ಟ್ಜ್‌ಗಿಂತ ಕೆಳಗಿನದನ್ನೂ ಸುಮಾರು 1,500ಕ್ಕಿಂತ ಮೇಲಿನದನ್ನೂ ಕತ್ತರಿಸಿ, ಟೇಪ್ ಅಥವಾ ವಾಲ್ವ್ ಬಗೆಯ ಸ್ಯಾಚುರೇಷನ್, ಅಂದರೆ ಉಪಸ್ವರ ಸೇರಿಸುವ ತುಸು ಒಡಕು, ಕೊಡಿ. ಒಂಟಿಯಾಗಿ ಕೇಳಿದರೆ ಅದು ಕರಕರ ಎನ್ನಬೇಕು. ಶುದ್ಧ ಚಾನೆಲ್ಲಿನ ಕೆಳಗೆ ಅದನ್ನು ಮೆಲ್ಲಗೆ ಏರಿಸುತ್ತ ಹೋಗಿ, ಕರಕರ ಗೊತ್ತಾದ ಕೂಡಲೇ 2 ಡೆಸಿಬೆಲ್ ಇಳಿಸಿ ಬಿಡಿ. ಎರಡರ ನಡುವೆ ಫೇಸ್ ಸರಿಯಿದೆಯೇ, ಅಂದರೆ ಅಲೆಗಳು ಒಟ್ಟಿಗೆ ಏರಿಳಿಯುತ್ತಿವೆಯೇ ಎಂದು ಒಂದರ ಪೋಲಾರಿಟಿ (ಅಲೆಯ ಮೇಲು–ಕೆಳಗು) ತಿರುಗಿಸಿ ನೋಡಿ, ಯಾವ ಸ್ಥಿತಿಯಲ್ಲಿ ತುಂಬಿ ಕೇಳುತ್ತದೋ ಅದೇ ಸರಿ. ಸ್ಯಾಚುರೇಷನ್ ಕೊಡುವ ಪ್ಲಗಿನ್ (ತಂತ್ರಾಂಶ) ತಡವಾಗಿ ನುಡಿಯುತ್ತಿದ್ದರೆ ಆ ತಡವನ್ನು ಶುದ್ಧ ಚಾನೆಲ್ಲಿಗೂ ಕೊಡಿ, ಇಲ್ಲವಾದರೆ ಎರಡೂ ಒಂದನ್ನೊಂದು ಕೊಲ್ಲುತ್ತವೆ. ಅಂಕಿಗಳು ಆರಂಭಕ್ಕೆ ಮಾತ್ರ, ವಾದ್ಯವೂ ಕೈಯೂ ಬದಲಾದಂತೆ ಇವೂ ಬದಲಾಗುತ್ತವೆ. ಕೊನೆಗೆ ಒಂದೇ ಒಂದು ಸಣ್ಣ ಸ್ಪೀಕರಿನಲ್ಲಿ, ಮೋನೋದಲ್ಲಿ, ಮಾತನಾಡುವಷ್ಟೇ ಸದ್ದಿನಲ್ಲಿ ಕೇಳಿ. ಅಲ್ಲಿ ಬೇಸಿನ ಸಾಲನ್ನು ಗುನುಗಲು ಬಂದರೆ ಕೆಲಸ ಆಯಿತು.

ಫೇಡರ್ ಏರಿಸಿದರೆ ಹಾಡುಗಾರಿಕೆ ಏಕೆ ಕುಗ್ಗುತ್ತದೆ ಎನ್ನುವುದು ಇನ್ನೊಂದು ಗೋಜಲು. ಅಮೆರಿಕದ ಪ್ರಸಾರಕ್ಕೆ ಒಟ್ಟು ಸದ್ದಿನ ಗುರಿ ಮೈನಸ್ 24 ಎಲ್‌ಕೆಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ), ಯುರೋಪಿನ ಮಾನದಂಡದಲ್ಲಿ ಮೈನಸ್ 23. ಈ ಅಳತೆ ಮಂದ್ರಕ್ಕೆ ಮೇಲಿನ ಸ್ವರಗಳಿಗಿಂತ ಕಡಿಮೆ ತೂಕ ಕೊಡುತ್ತದೆ. ಹಾಗಾಗಿ ಬೇಸ್ ಏರಿಸಿದರೂ ಮೀಟರಿನ ಮುಳ್ಳು ಅಷ್ಟಾಗಿ ಅಲುಗುವುದಿಲ್ಲ, ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಆದರೆ ಅಲೆ ಮೈನಸ್ 2 ಡೆಸಿಬೆಲ್ ದಾಟದಂತೆ ಕಾಯುತ್ತಿರುವ ಲಿಮಿಟರಿಗೆ ತೂಕದ ಲೆಕ್ಕ ಗೊತ್ತಿಲ್ಲ, ಅದು ನೋಡುವುದು ಅಲೆಯ ಎತ್ತರ ಮಾತ್ರ. ಬೇಸಿನ ದೊಡ್ಡ ಅಲೆ ಬಂದಾಗಲೆಲ್ಲ ಇಡೀ ಮಿಕ್ಸನ್ನು ಅದುಮುತ್ತದೆ. ಮನೆಯವರಿಗೆ ಬೇಸ್ ಕೇಳುವುದಿಲ್ಲ, ಬೇಸ್ ಅದುಮಿದ ಗಾಯನ ಮಾತ್ರ ಕೇಳುತ್ತದೆ. ನಮ್ಮ ಟಿವಿಯ ಹಾಡಿನ ಸ್ಪರ್ಧೆಗಳ ಮಿಕ್ಸಿಗೂ ಈ ಮಾತು ಸಲ್ಲುತ್ತದೆ.

ಮಿಕ್ಸಿಂಗಿನಿಂದ ಸರಿಪಡಿಸಲಾಗದ ಒಂದು ತಪ್ಪು ಅದಕ್ಕೂ ಮೊದಲೇ, ವಾದ್ಯ ಸಂಯೋಜನೆಯಲ್ಲಿ ಆಗಿರುತ್ತದೆ. ಗೌರವ ಎಂದರೆ ವೈಭವ ಎಂದುಕೊಂಡು ಹತ್ತು ಮಂದಿ ಊದುವವರು, ಎರಡು ಕೀಬೋರ್ಡು, ಬೆನ್ನಿಗೆ ತಂತಿವಾದ್ಯಗಳ ಪ್ಲೇಬ್ಯಾಕು. ಮೆಂಫಿಸ್‌ನ ಸೋಲ್ ಕಂಪನಿ ಸ್ಟ್ಯಾಕ್ಸ್‌ನ ರೆಕಾರ್ಡುಗಳಲ್ಲಿ ಊದುವವರು ಹೆಚ್ಚೆಂದರೆ ನಾಲ್ಕಾರು ಮಂದಿ. ವೇಯ್ನ್ ಜಾಕ್ಸನ್ ಅವರ ಟ್ರಂಪೆಟ್, ಆಂಡ್ರ್ಯೂ ಲವ್ ಅವರ ಟೆನರ್ ಸ್ಯಾಕ್ಸೊಫೋನ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಬ್ಯಾರಿಟೋನ್ ಸ್ಯಾಕ್ಸೊಫೋನಿನ ತಳ, ಪಿಯಾನೋದ ಎಡಗೈ, ಹ್ಯಾಮಂಡ್ ಆರ್ಗನ್ನಿನ ಪೆಡಲ್, ಕೀಬೋರ್ಡಿನ ಪ್ಯಾಡ್ (ಹಿನ್ನೆಲೆಗೆ ಎಳೆದು ಹಿಡಿದ ಸ್ವರಗಳು) ಇವೆಲ್ಲ ಬಂದು ಕೂರುವುದು 100ರಿಂದ 300 ಹರ್ಟ್ಜ್‌ನ ಪಟ್ಟಿಯಲ್ಲಿ. ಬೇಸಿನ ಉಪಸ್ವರಗಳ ಮನೆಯೂ ಅದೇ. ಬ್ಯಾರಿಟೋನ್ ಬೇಸಿನ ಸಾಲನ್ನೇ ಅನುಸರಿಸುತ್ತಿದ್ದರೆ ತೊಂದರೆಯಿಲ್ಲ, ಇಲ್ಲವಾದರೆ ಆ ಪಟ್ಟಿಯಲ್ಲಿ 3 ಡೆಸಿಬೆಲ್ ತಗ್ಗಿಸಿ. ಗಿಟಾರುಗಳನ್ನು 120ರ ಕೆಳಗೆ ಕತ್ತರಿಸಿ. ಪಿಯಾನೋ ವಾದಕರಿಗೆ ಎಡಗೈ ಮೇಲೆತ್ತಲು ವಿನಯದಿಂದ ಹೇಳಿ. ಪ್ಯಾಡ್ ತೆಗೆದೇಬಿಡಿ, 1960ರ ದಶಕದ ಹಾಡಿಗೆ ಅದರ ಅಗತ್ಯವೇ ಇಲ್ಲ.

ಡ್ರಮ್ಸಿನ ವಿಷಯ ಚಿಕ್ಕದು. ಶ್ವೇತಭವನದ ಈಸ್ಟ್ ರೂಮ್ ಸುಮಾರು 80 ಅಡಿ ಉದ್ದ, 37 ಅಡಿ ಅಗಲದ ಗಟ್ಟಿ ಗೋಡೆಯ ಕೋಣೆ. ಅಂಥ ಕಡೆ ಡ್ರಮ್ಸಿನ ಸದ್ದು ಗಾಯಕರ ಮೈಕಿಗೇ ನುಗ್ಗುತ್ತದೆ. ಸ್ನೇರ್ ಡ್ರಮ್ಮಿನ ಮೇಲೆ ತೊಗಲಿನ ಪರ್ಸ್ ಇಡಿ. ಸ್ಟ್ಯಾಕ್ಸಿನ ಡ್ರಮ್ಸ್ ವಾದಕ ಅಲ್ ಜಾಕ್ಸನ್ ಇಡುತ್ತಿದ್ದದ್ದು ಅದನ್ನೇ, ನಾದವೂ ಸಿಗುತ್ತದೆ, ಸದ್ದೂ ತಗ್ಗುತ್ತದೆ. ಕಿಕ್ ಡ್ರಮ್ಮಿಗೆ ಫೆಲ್ಟ್ ಬೀಟರ್ ಸಾಕು, ಪ್ಲಾಸ್ಟಿಕ್ಕಿನ ಟಿಕ್ ಟಿಕ್ ಈ ಸಂಗೀತದ್ದಲ್ಲ.

ಅಲ್ ಜಾಕ್ಸನ್ ಮತ್ತು ಗಿಟಾರಿನ ಸ್ಟೀವ್ ಕ್ರಾಪರ್ 1965ರಲ್ಲಿ ವಿಲ್ಸನ್ ಪಿಕೆಟ್ ಅವರ ‘ಇನ್ ದ ಮಿಡ್‌ನೈಟ್ ಅವರ್’ ಹಾಡಿಗೆ ಎರಡು ಮತ್ತು ನಾಲ್ಕನೆಯ ಪೆಟ್ಟನ್ನು ಬೇಕೆಂದೇ ಕೂದಲೆಳೆಯಷ್ಟು ತಡವಾಗಿ ಹಾಕಿದರು. ಆ ತಡವೇ ಮೆಂಫಿಸ್ ಸೋಲ್‌ನ ನಡೆ. ಚಿತ್ರೀಕರಣ ಮುಗಿದ ಮೇಲೆ ಸಂಕಲನದ ಕೋಣೆಯಲ್ಲಿ ಯಾರೋ ಉತ್ಸಾಹಿಗಳು ಡ್ರಮ್ಸನ್ನು ಗ್ರಿಡ್ಡಿಗೆ, ಅಂದರೆ ಕಂಪ್ಯೂಟರಿನ ಲೆಕ್ಕದ ತಾಳದ ಗೆರೆಗಳಿಗೆ, ಕೂರಿಸಿ ‘ತಿದ್ದಿ’ ಕೊಡುತ್ತಾರೆ. 15 ಮಿಲಿಸೆಕೆಂಡ್ ಅಲ್ಲಿ ಮಾಯವಾದರೆ ಹಾಡೇ ಮಾಯ. ದಯವಿಟ್ಟು ಮುಟ್ಟಬೇಡಿ.

ಪ್ರೇಕ್ಷಕರ ಚಪ್ಪಾಳೆಯೂ ಇದೇ ಪೆಟ್ಟನ್ನು ಕೆಡಿಸುತ್ತದೆ. 15 ಮೀಟರ್ ದೂರದ ಸಾಲಿಗೆ ವೇದಿಕೆಯ ಸದ್ದು ತಲುಪಲು ಸುಮಾರು 44 ಮಿಲಿಸೆಕೆಂಡ್ ಬೇಕು, ಅವರ ಚಪ್ಪಾಳೆ ವೇದಿಕೆಯ ಬಳಿಯ ಮೈಕಿಗೆ ಮರಳಲು ಇನ್ನೊಂದು 44. ಗಣ್ಯರ ಸಭೆಯಾದರೆ ಎರಡು–ನಾಲ್ಕರ ಬದಲು ಒಂದು–ಮೂರಕ್ಕೆ ತಟ್ಟುವವರೂ ಇರುತ್ತಾರೆ. ಹಾಡು ನಡೆಯುವಾಗ ಪ್ರೇಕ್ಷಕರ ಮೈಕುಗಳನ್ನು 8–10 ಡೆಸಿಬೆಲ್ ಇಳಿಸಿ, ಕೊನೆಯ ಸ್ವರಮೇಳಕ್ಕೆ ತೆರೆಯಿರಿ. ನೇರ ಪ್ರಸಾರವಲ್ಲದಿದ್ದರೆ ಆ ಟ್ರ್ಯಾಕುಗಳ ತಡವನ್ನು ಅಳೆದು, ಅವು ಅಷ್ಟು ಬೇಗ ಕೇಳುವಂತೆ ಜರುಗಿಸಬಹುದು.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. 1983ರ ಆ ಪಾಸಡೀನಾ ಸಂಜೆಗೆ ಜೇಮರ್ಸನ್ ಅವರಿಗೆ ಆಹ್ವಾನವಿರಲಿಲ್ಲ. ವೇದಿಕೆಯ ಮೇಲೆ ಹಾಡಾದ ಎಷ್ಟೋ ಗೀತೆಗಳ ಬೆನ್ನೆಲುಬು ಅವರದೇ, ಅವರು ಮಾತ್ರ ಬ್ಲ್ಯಾಕಿನಲ್ಲಿ ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕೂತಿದ್ದರು. ಅದೇ ವರ್ಷ ಆಗಸ್ಟ್ 2ರಂದು 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೋಟೌನ್ ಗೌರವದ ಕಛೇರಿಯಲ್ಲಿ ಅತಿಥಿ ಗಾಯಕರ ಆಲಾಪ ಚೊಕ್ಕವಾಗಿ ಕೇಳಿ, ಜೇಮರ್ಸನ್ ಕಟ್ಟಿದ ಸಾಲು ಕೇಳದಿದ್ದರೆ ಸಲ್ಲಬೇಕಾದವರಿಗೆ ಗೌರವ ಸಲ್ಲಲಿಲ್ಲ ಎಂದೇ ನನ್ನ ಲೆಕ್ಕ.

ಗಾಯಕರ ಅನುಕೂಲಕ್ಕೆ ಶ್ರುತಿ ಇಳಿಸುವಾಗಲೂ ಬೇಸನ್ನು ಒಮ್ಮೆ ಕೇಳಿ. ನಾಲ್ಕು ತಂತಿಯ ಬೇಸಿನ ಕೊನೆಯ ಸ್ವರ ಇ, 41 ಹರ್ಟ್ಜ್. ಮೂಲದಲ್ಲಿ ಕೆಳಗಿಳಿಯುವ ಸಾಲು ಅದಕ್ಕೂ ಕೆಳಗೆ ಹೋಗಬೇಕಾದಾಗ ವಾದಕರು ಅನಿವಾರ್ಯವಾಗಿ ಮೇಲಿನ ಸ್ಥಾಯಿಗೆ ಹಾರುತ್ತಾರೆ, ಸಾಲಿನ ಆಕಾರ ಮುರಿಯುತ್ತದೆ. ಐದು ತಂತಿಯ ಬೇಸ್ ತಂದರೆ ಆಕಾರ ಉಳಿಯುತ್ತದೆ, ಆದರೆ ಸ್ವರ ಸಣ್ಣ ಸ್ಪೀಕರಿನಿಂದ ಇನ್ನೂ ದೂರ. ಸಾಧ್ಯವಾದರೆ ಅರ್ಧ ಸ್ವರ ಇಳಿಸುವುದರಲ್ಲೇ ಮುಗಿಸಿ, ಇಲ್ಲವೇ ಬೇರೆ ಗಾಯಕರನ್ನು ಕೇಳಿ.

ಇನ್ನುಳಿದದ್ದು ಸಮಯದ ಕತ್ತರಿ. ಜಾಹೀರಾತು ಕಳೆದರೆ ಅಮೆರಿಕದ ವಾಣಿಜ್ಯ ವಾಹಿನಿಯ ಒಂದು ಗಂಟೆಯಲ್ಲಿ ಕೈಗೆ ಸಿಗುವುದು 42–44 ನಿಮಿಷ. ಈ ಹಾಡುಗಳು ಮೊದಲೇ ಎರಡೂವರೆ, ಎರಡೂಮುಕ್ಕಾಲು ನಿಮಿಷದವು, ಆದರೂ ಕತ್ತರಿಸುತ್ತಾರೆ. ಕತ್ತರಿಸುವುದು ಎಲ್ಲಿ? ಆರಂಭದ ನಾಲ್ಕು ಆವರ್ತಗಳನ್ನು. ಇಲ್ಲವೇ ಅದರ ಮೇಲೆ ನಿರೂಪಕರ ಮಾತು, ಸ್ವಾಗತದ ಚಪ್ಪಾಳೆ. ‘ಮೈ ಗರ್ಲ್’ನಲ್ಲಿ ಬೇಸ್ ಒಂಟಿಯಾಗಿ ಸಿಗುವುದು ಅಲ್ಲಿ ಮಾತ್ರ. ಯಾವ ಫೋನಿನಲ್ಲೂ ಕೇಳುಗರು ಆ ಸಾಲನ್ನು ಹಿಡಿದುಕೊಳ್ಳುವುದು ಅಲ್ಲೇ, ಒಮ್ಮೆ ಹಿಡಿದರೆ ಉಳಿದ ವಾದ್ಯಗಳ ನಡುವೆಯೂ ಕಿವಿ ಅದರ ಹಿಂದೆಯೇ ಹೋಗುತ್ತದೆ. ನಿರೂಪಣೆಯನ್ನು ಮೊದಲ ಸ್ವರಕ್ಕೆ ಮುಂಚೆಯೇ ಮುಗಿಸಿ. ಸಮಯ ಸಾಲದಿದ್ದರೆ ಕೊನೆಯಲ್ಲಿ ಪಲ್ಲವಿಯನ್ನು ನಾಲ್ಕು ಸಲ ತಿರುಗಿಸುವ ಕಡೆ ಎರಡು ಸಲ ಮಾಡಿ, 20 ಸೆಕೆಂಡ್ ಅಲ್ಲೇ ಸಿಗುತ್ತದೆ.